ಬಲಗಡೆ ಬಟ್ಟಲಲ್ಲಿ ಹಾಡುವವನು ಕಾಣೆಯಾದದ್ದು

ಹನುಮಂತಪ್ಪ ನಮ್ಮ ಅಡಿಕೆ ಬೇಯಿಸುವ ಶೆಡ್ಡಿಗೆ ಅರ್ತಿಂಗ್ ಮಾಡಿಕೊಟ್ಟ ವರ್ಷವೇ ಅದಕ್ಕೆ ಸಿಡಿಲು ಬಡಿಯಿತು. ಆಗ ನಾನು ಒಳಗೇ ಕೂತಿದ್ದೆ. ಸಿಡಿಲು ತಗಡಿನ ಮೇಲೆ ಇಳಿಯಿತು, ಒಂದು ಗಳಿಗೆ ಆ ಕಡೆ ಈ ಕಡೆ ನೋಡಿತು, ಗೋಡೆಯ ಮೇಲೆ ಹಸಿರು ವೈರು ಕಂಡ ಕೂಡಲೇ ತಲೆ ತಗ್ಗಿಸಿಕೊಂಡು ಅದರ ಜೊತೆಗೇ ಇಳಿದು ನೆಲದೊಳಕ್ಕೆ ಹೋಗಿಬಿಟ್ಟಿತು. ಹೋಗುವಾಗ ಆರಿ ಹೋಗಿದ್ದ ನನ್ನ ಟೀ ಬಿಸಿ ಮಾಡಿಕೊಟ್ಟು ಹೋಯಿತು. ನನ್ನ ಮೊಮ್ಮಕ್ಕಳು ಇದನ್ನು ನಂಬುವುದಿಲ್ಲ. ಬೇಕಾದರೆ ಟೀ ವಿಷಯ ಬಿಟ್ಟುಬಿಡಿ. ಉಳಿದದ್ದಕ್ಕೆ ಹನುಮಂತಪ್ಪನೇ ಸಾಕ್ಷಿ. ಅವನು ಅವತ್ತು ಊರಲ್ಲಿ ಇರಲಿಲ್ಲ ಎನ್ನುವುದು ಬೇರೆ ಮಾತು.

ಅವನ ಹುಟ್ಟೂರು ಜಗಳೂರು ತಾಲ್ಲೂಕಿನ ಬಿಳಿಚೋಡು. ಚಿಕ್ಕವನಿದ್ದಾಗ ಕುರಿ ಕಾಯಲು ಕಳಿಸಿದರೆ ಕುರಿ ಎಣಿಸುವುದು ಬಿಟ್ಟು ಲೈಟ್ ಕಂಬ ಎಣಿಸುತ್ತಿದ್ದನಂತೆ. ಹಾಗೆ ಕಂಬ ಎಣಿಸುತ್ತಾ ಎಣಿಸುತ್ತಾ ನಡೆದು ನಮ್ಮ ನ್ಯಾಮತಿಗೆ ಬಂದು ಮುಟ್ಟಿದ ಎಂದು ನಾನು ಹೇಳುತ್ತೇನೆ. ವೈರಿಂಗ್ ಕಂಟ್ರಾಕ್ಟರ್ ಒಬ್ಬನ ಜೊತೆ ಬಸ್ಸಿನಲ್ಲಿ ಬಂದೆ ಎಂದು ಅವನು ಹೇಳುತ್ತಾನೆ. ಹೇಗೋ ಬಂದ. ಬಂದು ನಲವತ್ತು ವರ್ಷ ಆಯಿತು. ನನಗೂ ಅವನಿಗೂ ಅಂದಿನಿಂದ ಏಕವಚನ. ಸುತ್ತಿನ ಹಳ್ಳಿಗಳಲ್ಲಿ ಅವನು ವೈರು ಎಳೆಯದ ಮನೆ ಹುಡುಕಿದರೆ ಸಿಗುವುದು ಕಷ್ಟ. ಈಗ ವಯಸ್ಸು ಅರವತ್ತೆಂಟು. ಏಣಿ ಹತ್ತುವುದನ್ನು ಹೆಂಡತಿ ಅಂಜಿನಮ್ಮ ನಿಲ್ಲಿಸಿದ್ದಾಳೆ.

ಈ ಹನುಮಂತಪ್ಪನಿಗೆ ದೇವರು ಎಷ್ಟೋ, ಅರ್ತಿಂಗ್ ಅಷ್ಟೇ. ಅದಕ್ಕೆ ಕಾರಣ ಉಂಟು, ಇದರಲ್ಲಿ ನನ್ನ ಕೈವಾಡ ಏನೂ ಇಲ್ಲ. ಅವನು ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಹೊನ್ನಾಳಿ ಕಡೆ ಒಂದು ಹಳ್ಳಿಯಲ್ಲಿ, ಬೇರೆ ಯಾರೋ ವೈರಿಂಗ್ ಮಾಡಿದ ಮನೆಯಲ್ಲಿ, ಹಿಟ್ಟಿನ ಗಿರಣಿಯ ಮೈ ಮುಟ್ಟಿದ ಹೆಣ್ಣುಮಗಳೊಬ್ಬಳು ಅಲ್ಲಿಗೇ ಅಂಟಿಕೊಂಡುಬಿಟ್ಟಳು. ಅರ್ತಿಂಗ್ ಇರಲಿಲ್ಲ. ಹನುಮಂತಪ್ಪ ಮರದ ಹಲಗೆಯಿಂದ ಹೊಡೆದು ಬಿಡಿಸಿದ. ಜೀವ ಉಳಿಯಿತು, ಕೈ ಮಾತ್ರ ಮೊದಲಿನಂತಾಗಲಿಲ್ಲ. ಅವತ್ತಿನಿಂದ ಅವನು ಮನೆಯ ಪಕ್ಕ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ಹಸಿರು ವೈರು ಇಳಿಸದೆ ಒಂದು ಬಲ್ಬನ್ನೂ ಉರಿಸಿಲ್ಲ. "ಅದು ಆಮೇಲೆ ನೋಡಾಣ ಹನುಮಂತಪ್ಪ" ಅಂದ ಯಜಮಾನರ ಮನೆಯಿಂದ ಏಣಿ ಎತ್ತಿಕೊಂಡು ಎದ್ದು ಬಂದಿದ್ದಾನೆ. ಬೇಸಿಗೆಯಲ್ಲಿ ಸೈಕಲ್ಲಿಗೆ ಕೊಡ ಕಟ್ಟಿಕೊಂಡು ಹೋಗಿ, ಜನ ಸಸಿಗೆ ನೀರು ಹಾಕಿದ ಹಾಗೆ, ಕಂಡವರ ಮನೆಯ ಅರ್ತಿಂಗ್ ಗುಂಡಿಗೆ ನೀರು ಹಾಕುತ್ತಿದ್ದ. ಗುಂಡಿ ಒಣಗಿದರೆ ಕೆಲಸ ಮಾಡುವುದಿಲ್ಲವಂತೆ. ಕೆಂಪು ಎಂದರೆ ಕರೆಂಟು, ಹಸಿರು ಎಂದರೆ ಭೂಮಿ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಎಲ್ಲಕ್ಕಿಂತ ದಪ್ಪ ಉದ್ದದ್ದು ಭೂಮಿಯದು. ಇದನ್ನು ಅವನು ನಿದ್ದೆಗಣ್ಣಲ್ಲೂ ತಪ್ಪುವವನಲ್ಲ.

ಇನ್ನು ಕಿವಿಯ ವಿಷಯ. ಮದುವೆಯಾದಾಗ ಗಂಡ ಹೆಂಡತಿಗೆ ಸೇರಿ ನಾಲ್ಕು ಕಿವಿ ಇದ್ದವು. ಈಗ ಲೆಕ್ಕಕ್ಕೆ ಬರುವುದು ಎರಡು. ಅಕ್ಕಿ ಗಿರಣಿಯ ಮೋಟಾರುಗಳ ಪಕ್ಕ ವರ್ಷಗಟ್ಟಲೆ ನಿಂತು ಹನುಮಂತಪ್ಪನ ಬಲಗಿವಿ ಹೋಯಿತು. ಸಾಸ್ವೆಹಳ್ಳಿಯಿಂದ ಬಂದ ಅಂಜಿನಮ್ಮನಿಗೆ ಎಡಗಿವಿ ಹತ್ತು ವರ್ಷದ ಹಿಂದೆ ಹೋಯಿತು. ಹೋಗುವಾಗ ಒಂದು ವಿಚಿತ್ರ ಆಗಿತ್ತು. ಪಾತ್ರೆ ಬಿದ್ದರೆ ಕೇಳುವುದು, ಬಾಗಿಲು ಬಡಿದರೆ ಕೇಳುವುದು, ಮನುಷ್ಯರ ಮಾತು ಮಾತ್ರ ಕೇಳದು. ಮಾತು ಮೊದಲು ಹೋಯಿತು, ಸದ್ದು ಆಮೇಲೆ ಹೋಯಿತು. ಶಿವಮೊಗ್ಗದ ಡಾಕ್ಟರು, "ಇದು ಹೋಯ್ತಮ್ಮ, ಬಲಗಿವಿ ಜೋಪಾನ ಮಾಡ್ಕೊಳ್ಳಿ" ಎಂದಿದ್ದರು. ಆಕೆ ಅದನ್ನು ಕಿವಿಯೋಲೆಗಿಂತ ಜೋಪಾನವಾಗಿ ನೋಡಿಕೊಳ್ಳುತ್ತಿದ್ದಳು.

ಇಬ್ಬರಿಗೂ ತತ್ವಪದದ ಹುಚ್ಚು. ಮಧ್ಯಾಹ್ನ ಊಟವಾದ ಮೇಲೆ ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ಹಾಡು ಹಚ್ಚುತ್ತಿದ್ದರು. ಒಂದೊಂದೇ ಕಿವಿಯವರು ಹಾಡು ಕೇಳಬೇಕಾದರೆ ಎಷ್ಟು ಜೋರಿಡಬೇಕು ನೀವೇ ಹೇಳಿ. ಎದುರು ಮನೆಯ ಎಮ್ಮೆ ತಾಳಕ್ಕೆ ಸರಿಯಾಗಿ ಹಾಲಿಳಿಸಲು ಶುರು ಮಾಡಿತು. ಹಾಡು ನಿಂತರೆ ಹಾಲೂ ನಿಲ್ಲುತ್ತಿತ್ತು. ಕೊನೆಗೆ ಬೀದಿಯವರ ಮಾತು ಮಗನ ತನಕ ಹೋಯಿತು. ಮಗ ಭೀಮೇಶ ಚನ್ನಗಿರಿಯ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾನೆ. ಅವನು ಒಂದು ಭಾನುವಾರ ದೊಡ್ಡ ಹೆಡ್‌ಫೋನ್ ತಂದುಕೊಟ್ಟ. ಕಿವಿ ಮುಚ್ಚುವ ಎರಡು ಬಟ್ಟಲು, ನಡುವೆ ತಲೆಯ ಮೇಲೆ ಕೂರುವ ಕಮಾನು. ತಲೆ ಎರಡು, ಕಮಾನು ಒಂದು. ಹನುಮಂತಪ್ಪ ಗರಗಸ ತಂದು ಕಮಾನು ಕೊಯ್ದು ಎಸೆದ. ಎಡಗಡೆ ಬಟ್ಟಲು ತಾನು ಹಿಡಿದ, ಬಲಗಡೆಯದ್ದು ಹೆಂಡತಿಗೆ ಕೊಟ್ಟ. ಹಳೇ ಕಾಲದ ಫೋನು ಹಿಡಿದ ಹಾಗೆ ಇಬ್ಬರೂ ಒಂದೊಂದು ಬಟ್ಟಲು ಕಿವಿಗಿಟ್ಟುಕೊಂಡು ಕೂತರೆ, ಒಬ್ಬರಿಗೊಬ್ಬರು ಟ್ರಂಕ್‌ಕಾಲ್ ಮಾಡಿಕೊಂಡಂತೆ ಕಾಣುತ್ತಿತ್ತು.

ಎರಡು ವರ್ಷ ಹೀಗೆ ನಡೆಯಿತು. ಆದರೆ ಅಂಗಳದಲ್ಲಿ ಸಂಡಿಗೆ ಒಣಹಾಕಿದಾಗ ಕೋಳಿ ಬಂದರೆ ಅಂಜಿನಮ್ಮ ಬಟ್ಟಲು ಕಿವಿಯಲ್ಲಿರುವುದನ್ನು ಮರೆತು ಓಡುತ್ತಿದ್ದಳು. ಹಿಂದೆ ವೈರು, ವೈರಿನ ಹಿಂದೆ ಮೊಬೈಲು, ಮೊಬೈಲಿನ ಹಿಂದೆ ಹನುಮಂತಪ್ಪ. ಜಗ್ಗಿ ಜಗ್ಗಿ, ಮೊಬೈಲಿಗೆ ಸಿಕ್ಕಿಸುವ ಪಿನ್ನಿನ ಬುಡದಲ್ಲಿ ವೈರು ಒಳಗೇ ತುಂಡಾಯಿತು. ಹೀಗೆ ಬಗ್ಗಿಸಿದರೆ ಹಾಡು ಬರುವುದು, ಬಿಟ್ಟರೆ ಹೋಗುವುದು. ಬೆಂಕಿಕಡ್ಡಿ ಒತ್ತುಕೊಟ್ಟು ರಬ್ಬರ್ ಹಾಕಿ ಒಂದು ವಾರ ತಳ್ಳಿದರು. ಆಮೇಲೆ ಅದೂ ಇಲ್ಲ.

ಫೋನಿನಲ್ಲಿ ಭೀಮೇಶ, "ಬಿಡಪ್ಪ, ವೈರೇ ಇಲ್ದಿರೋದು ಬಂದೈತೆ, ಕಳಿಸ್ತೀನಿ" ಎಂದ.

"ವೈರೇ ಇಲ್ದಿರೋದಾ? ಲೇ, ನೀನು ತಿಂದ ಅನ್ನ ವೈರಿಂದೇ ಕಣಲೇ" ಎಂದು ಹನುಮಂತಪ್ಪ ಫೋನಿಟ್ಟ.

ಮರುದಿನವೇ ಹೊನ್ನಾಳಿಗೆ ಹೋಗಿ, ಮದುವೆ ಸಮಾರಂಭಗಳಿಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುವ ಮಾರುತಿಯ ಅಂಗಡಿಯಲ್ಲಿ ಒಂದು ಹೊಸ ಪಿನ್ನು ತಂದ. ಸ್ಟೀಲಿನದು, ತಿರುಪಿನ ಮುಚ್ಚಳ ಇದ್ದದ್ದು. ಮಾರುತಿ, "ಯಾವ್ ವೈರು ಎಲ್ಲಿಗೆ ಅಂತ ಬರ್ಕೊಡ್ಲೇನಣ್ಣ?" ಎಂದು ಕೇಳಿದನಂತೆ. "ಯಾರಿಗೆ ಬರ್ಕೊಡ್ತೀಯಪ್ಪ, ನಂಗಾ?" ಎಂದು ಇವನು ನಕ್ಕು ಬಂದನಂತೆ.

ರಿಪೇರಿಯ ದಿನ ನಾನೂ ಹೋಗಿ ಜಗಲಿಯಲ್ಲಿ ಕೂತೆ. ನನ್ನ ಬೀಜ ಗೊಬ್ಬರದ ಅಂಗಡಿ ಮಗ ನೋಡಿಕೊಳ್ಳುತ್ತಾನೆ. ಅಲ್ಲಿ ನಾನು ಕೂತರೆ ಗಿರಾಕಿಗಳು ಕಥೆ ಕೇಳಿಕೊಂಡು ಗೊಬ್ಬರ ಒಯ್ಯುವುದು ಮರೆಯುತ್ತಾರೆಂದು ನನ್ನನ್ನು ಮಧ್ಯಾಹ್ನ ಹೊರಗೆ ಕಳಿಸುತ್ತಾನೆ. ಹನುಮಂತಪ್ಪ ಹಳೇ ಪಿನ್ನು ಕತ್ತರಿಸಿ ಎಸೆದ. ಅದು ಪ್ಲಾಸ್ಟಿಕ್ಕಿನೊಳಗೆ ಎರಕ ಹೊಯ್ದದ್ದು, ಒಳಗೆ ಯಾವ ವೈರು ಎಲ್ಲಿಗೆ ಸೇರಿತ್ತೆಂದು ನೋಡುವ ಹಾಗಿರಲಿಲ್ಲ. ವೈರಿನ ಸಿಪ್ಪೆ ಸುಲಿದರೆ ಒಳಗೆ ಕೂದಲಿನಂಥ ಎಳೆಗಳು ನಾಲ್ಕು ಕಟ್ಟು. ಒಂದು ಕೆಂಪು, ಒಂದು ಹಸಿರು, ಬರೀ ತಾಮ್ರದ ಬಣ್ಣದವು ಎರಡು.

ಬೆಸುಗೆ ಹಾಕಲು ಹೋದರೆ ಸೀಸ ಹಿಡಿಯಲೇ ಇಲ್ಲ. ಮುತ್ತಿನ ಹಾಗೆ ಉಂಡೆಯಾಗಿ ಉರುಳಿ ಹೋಯಿತು.

"ಇದಕ್ಕೂ ನಿನ್ ಮೇಲೆ ಸಿಟ್ಟು ಐತೆ ಕಣೋ" ಎಂದೆ ನಾನು.

"ಸಿಟ್ಟಲ್ಲ, ವಾರ್ನಿಷ್ಷು. ಎಳೆ ಎಳೆಗೂ ಬಳ್ದಿರ್ತಾರೆ. ಸುಟ್ಟು ಕೆರೀಬೇಕು."

ಕಡ್ಡಿ ಗೀರಿ ತುದಿಯನ್ನು ಒಂದು ಕ್ಷಣ ಬೆಂಕಿಗೆ ಹಿಡಿದ, ಬ್ಲೇಡಿನಿಂದ ಮೆಲ್ಲಗೆ ಕೆರೆದ. ಎಳೆಗಳು ಹೊಳೆದವು, ಸೀಸ ಹಿಡಿಯಿತು. ಹೊಸ ಪಿನ್ನಿನೊಳಗೆ ಮೂರು ಕಡ್ಡಿ ಇದ್ದವು, ಎರಡು ಗಿಡ್ಡ, ಒಂದು ಉದ್ದ. ಇವನು ಕ್ಷಣವೂ ಯೋಚಿಸಲಿಲ್ಲ. ಉದ್ದದ ಕಡ್ಡಿಗೆ ಹಸಿರು ಹಾಕಿದ. ಕೆಂಪು ಒಂದು ಗಿಡ್ಡ ಕಡ್ಡಿಗೆ. ತಾಮ್ರದವು ಎರಡನ್ನೂ ಒಟ್ಟಿಗೆ ಹೊಸೆದು ಇನ್ನೊಂದಕ್ಕೆ. ಎಲ್ಲಾ ಮುಗಿಸಿ, ಊದಿ ಆರಿಸಿ, ಕಣ್ಣಿಗೆ ಹತ್ತಿರ ಹಿಡಿದು ಮೆಚ್ಚಿಕೊಂಡ. ಟಾರ್ಚ್ ಹಿಡಿದು ನಿಂತಿದ್ದ ಅಂಜಿನಮ್ಮ ಮೇಜಿನ ಮೇಲಿಂದ ಏನೋ ಎತ್ತಿ ತೋರಿಸಿದಳು.

"ಇದನ್ನ ಯಾರಿಗೆ ಇಟ್ಟೀರಿ?"

ಪಿನ್ನಿನ ಸ್ಟೀಲ್ ಮುಚ್ಚಳ. ಅದನ್ನು ಮೊದಲೇ ವೈರಿಗೆ ಪೋಣಿಸಿ ಆಮೇಲೆ ಬೆಸೆಯಬೇಕಿತ್ತು. ಹನುಮಂತಪ್ಪ ಬೆಸೆದದ್ದನ್ನೆಲ್ಲಾ ಬಿಚ್ಚಿ, ಮುಚ್ಚಳ ಪೋಣಿಸಿ, ಮತ್ತೆ ಕಡ್ಡಿ ಗೀರಿದ. ಎರಡನೇ ಸಲವೂ ಹಸಿರು ಉದ್ದದ ಕಡ್ಡಿಗೇ ಹೋಯಿತು.

ಕೊನೆಗೆ ಮುಚ್ಚಳ ತಿರುಪಿ ಮೊಬೈಲಿಗೆ ಸಿಕ್ಕಿಸಿದ. ಗಂಡ ಎಡ ಬಟ್ಟಲು, ಹೆಂಡತಿ ಬಲ ಬಟ್ಟಲು ಹಿಡಿದರು. ಹನುಮಂತಪ್ಪನ ಮುಖ ಅರಳಿತು.

"ಬಂತೇನೇ?"

"ಬಂತು ಬಂತು. ತಬಲಾ ಬಂತು, ಹಾರ್ಮೋನಿಯಂ ಬಂತು. ಹಾಡೋನು ಇನ್ನೂ ಬಂದಿಲ್ಲ."

"ಅವನು ಆಗ್ಲೇ ಎರಡನೇ ನುಡಿಗೆ ಹೋದ್ನಲ್ಲೇ!"

"ಎಲ್ಲಿ ಹೋದ? ನನ್ನ ಬಟ್ಟಲಾಗೆ ಬರೀ ವಾದ್ಯ ಬಾರಿಸ್ತಾ ಕೂತಾರೆ."

"ಹಾಡೋನು ಎಲೆ ಅಡಿಕೆ ಹಾಕ್ಕೊಳಾಕೆ ಹೋಗಿರ್ಬೇಕು ತಂಗಿ, ಬರ್ತಾನೆ ತಡಿ" ಎಂದೆ ನಾನು. ಮೂವರೂ ನಕ್ಕೆವು.

ಇನ್ನೊಂದು ಹಾಡು ಹಚ್ಚಿದರು. ಅದರಲ್ಲೂ ಆಕೆಗೆ ವಾದ್ಯ ಮಾತ್ರ. ಮತ್ತೊಂದು ಹಚ್ಚಿದರು. ಅದೂ ಹಾಗೇ. ಹನುಮಂತಪ್ಪನಿಗೆ ಪ್ರತಿಯೊಂದರಲ್ಲೂ ಹಾಡುವವನ ದನಿ ಗಂಟೆ ಬಾರಿಸಿದಂತೆ ಕೇಳುತ್ತಿತ್ತು.

"ನನ್ ಕೆಲ್ಸ ಸರಿ ಐತೆ. ನಲವತ್ತು ವರ್ಷದಾಗೆ ಒಂದು ಅರ್ತಿಂಗ್ ತಿರುಗುಮುರುಗು ಮಾಡಿಲ್ಲ" ಎಂದು ಅವನೆಂದ. ಹೇಳಿ ಮುಗಿಸುವ ಹೊತ್ತಿಗೆ ಆ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎನ್ನುವುದು ಅವನಿಗೇ ತಿಳಿದಿರಬೇಕು. ವೈರು ಸರಿ ಎಂದರೆ ಕೆಟ್ಟದ್ದು ಕಿವಿ. ಅಂಜಿನಮ್ಮ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಎಡಗಿವಿನೂ ಹಿಂಗೇ ಶುರುವಾಗಿದ್ದು," ಎಂದಳು. "ಪಾತ್ರೆ ಕೇಳೋದು, ಮಾತು ಕೇಳ್ತಿರ್ಲಿಲ್ಲ."

"ಹಂಗೇನಿಲ್ಲ ಬಿಡೇ. ನಾನು ಮಾತಾಡೋದು ಕೇಳ್ತೈತಲ್ಲ."

"ಅವಾಗ್ಲೂ ಮೊದಮೊದ್ಲು ಹತ್ರ ಇದ್ದೋರ್ದು ಕೇಳ್ತಿತ್ತು."

ಬಟ್ಟಲು ಅದಲು ಬದಲು ಮಾಡಿ ನೋಡಿದ್ದರೆ ಮುಗಿಯುತ್ತಿತ್ತು ಎಂದು ನೀವು ಅನ್ನುತ್ತೀರಿ. ನನಗೂ ಹಾಗೇ ಅನ್ನಿಸಿತು. ಆದರೆ ಆಕೆಯ ಬಟ್ಟಲನ್ನು ಅವನು ಮುಟ್ಟಲಿಲ್ಲ, ಅವನದನ್ನು ಆಕೆ ಕೇಳಲಿಲ್ಲ. ಇಬ್ಬರೂ ನನ್ನ ಕಡೆ ನೋಡಿದರು.

"ಜಯದೇವಣ್ಣ, ನೀವ್ ಒಂದ್ಸಲ ನನ್ ಬಟ್ಟಲು ಇಟ್ಕೊಂಡು ಹೇಳ್ರಿ. ನಿಮ್ ಕಿವಿ ಚಲೋ ಐತಲ್ಲ" ಎಂದಳು ಅಂಜಿನಮ್ಮ.

ನನ್ನ ಕಿವಿಯ ವಿಷಯ ಊರಿಗೆಲ್ಲಾ ಗೊತ್ತು. ಗೊತ್ತು ಮಾಡಿಸಿದವನು ನಾನೇ. ಹೊನ್ನಾಳಿಯಲ್ಲಿ ಹೊಳೆ ಏರಿದರೆ ನ್ಯಾಮತಿಯಲ್ಲಿ ಹಾಸಿಗೆ ಮೇಲೆ ಮಲಗಿ ಎಷ್ಟು ಅಡಿ ಏರಿತೆಂದು ಹೇಳುತ್ತೇನೆ ಎಂದು ಎಷ್ಟೋ ಸಲ ಸಾರಿದ್ದೇನೆ. ಎಪ್ಪತ್ತೊಂದು ವರ್ಷದ ಆ ಕಿವಿಗೆ ಬಟ್ಟಲು ಇಟ್ಟುಕೊಂಡೆ.

ತಬಲಾ ಇತ್ತು. ಹಾರ್ಮೋನಿಯಂ ಇತ್ತು. ತಾಳ ಇತ್ತು. ಹಾಡುವವನು ಇರಲಿಲ್ಲ. ಎಲ್ಲೋ ಬಾವಿಯ ತಳದಿಂದ ಒಂದು ಗುಂಯ್ ಎನ್ನುವ ನೆರಳಿನಂಥ ಸದ್ದು, ಅಷ್ಟೇ.

ಇಷ್ಟು ದಿನ ಈ ಇಬ್ಬರನ್ನು ಕಿವಿಯ ವಿಷಯಕ್ಕೆ ಆಡಿಕೊಂಡು ನಕ್ಕವನು ನಾನು. ನನ್ನ ಕಿವಿಯೂ ಹೋಯಿತೆಂದು ಈಗ ಹೇಗೆ ಹೇಳಲಿ? ಬಾಯಿ ತನ್ನ ಪಾಡಿಗೆ ತಾನು ಹೇಳಿಬಿಟ್ಟಿತು:

"ಆಹಾ! ಎಂಥಾ ಕಂಠ! ಸ್ವಚ್ಛ ಕೇಳ್ತೈತೆ."

ಜೀವನದಲ್ಲಿ ನಾನು ಹೇಳಿದ ಸುಳ್ಳುಗಳನ್ನು ಜೋಡಿಸಿದರೆ ಶಿವಮೊಗ್ಗದ ತನಕ ರಸ್ತೆ ಹಾಕಬಹುದು. ಅವುಗಳಲ್ಲಿ ಒಂದೂ ಯಾರನ್ನೂ ಅಳಿಸಿರಲಿಲ್ಲ. ಅಂಜಿನಮ್ಮ ಅಳಲಿಲ್ಲ, ಆದರೆ ಬಟ್ಟಲನ್ನು ನನ್ನ ಕೈಯಿಂದ ತಗೊಂಡು ಸೆರಗಿನಲ್ಲಿ ಒರೆಸಿ, ವೈರು ಸುತ್ತತೊಡಗಿದಳು. ಸುತ್ತುತ್ತಲೇ, "ನಾಳೆ ಮೊದಲ್ನೇ ಬಸ್ಸಿಗೆ ಡಾಕ್ಟ್ರ ಹತ್ರ ಹೋಗಾಣ್ರೀ" ಎಂದಳು.

ನಾನು ಎದ್ದು ಹೊರಟೆ. ಬೀದಿಯ ತಿರುವಿನ ತನಕ ಹನುಮಂತಪ್ಪ ಹಿಂದೆ ಬಂದ. ಚಪ್ಪಲಿ ಹಾಕಿಕೊಂಡಿರಲಿಲ್ಲ.

"ನನ್ನ ಕೆಲ್ಸ ತಪ್ಪಾಗಿದ್ರೆ ಚಲೋ ಇತ್ತು ಮಾರಾಯ" ಎಂದ. "ಇದೊಂದು ಸಲ ತಪ್ಪಾಗಿದ್ರೆ ಏನ್ ಗಂಟು ಹೋಗ್ತಿತ್ತು?"

"ನೀನೇ ಅವಳ ಬಟ್ಟಲು ಇಟ್ಕೊಂಡು ಯಾಕೆ ನೋಡ್ಲಿಲ್ಲ?"

"ಧೈರ್ಯ ಆಗ್ಲಿಲ್ಲ. ಅಲ್ಲಿ ಹಾಡೋನು ಸಿಕ್ಕಿಬಿಟ್ರೆ ಅವಳ ಕಿವಿ ಹೋದಂಗೇ ಅಲ್ವಾ? ನೀನು ಕೇಳ್ದೆ, ಮುಗೀತು." ಅಂಗಾಲಿಗೆ ಅಂಟಿದ ಕಲ್ಲು ಕೊಡವಿ, "ಇನ್ನು ನಾನು ಏನ್ ಹೇಳಿದ್ರೂ ಅವಳಿಗೆ ಕೈಸನ್ನೆ ಮಾಡ್ಬೇಕು" ಎಂದು ತಿರುಗಿ ಹೋದ.

ಆಗಲೇ ಕರೆದು ಹೇಳಬೇಕಿತ್ತು. ಹೇಳಲಿಲ್ಲ. ನನ್ನ ಕಿವಿಯ ಚಿಂತೆಯೇ ನನಗೆ ದೊಡ್ಡದಾಗಿತ್ತು.

ಮನೆಗೆ ಬಂದವನೇ ಹೆಂಡತಿ ಕಸ್ತೂರಮ್ಮನಿಗೆ, "ಅಡಿಗೆಮನೆಗೆ ಹೋಗಿ ಮೆಲ್ಲಗೆ ಏನಾದ್ರೂ ಹೇಳೇ, ನಂಗೆ ಕೇಳ್ತೈತೋ ನೋಡಾಣ" ಎಂದೆ.

ಆಕೆ ವಿಚಿತ್ರವಾಗಿ ನೋಡಿ ಒಳಗೆ ಹೋದಳು. ಸೊಸೆಯ ಕಿವಿಯಲ್ಲಿ ಪಿಸುಗುಟ್ಟಿದ್ದು ನಡುಮನೆ ದಾಟಿ ನನಗೆ ಅಕ್ಷರ ಅಕ್ಷರ ಕೇಳಿತು: "ಮುದುಕಪ್ಪಗೆ ತಲೆ ಪೂರ್ತಿ ಕೆಟ್ಟೈತೆ."

ಐವತ್ತು ವರ್ಷದ ಸಂಸಾರದಲ್ಲಿ ಆಕೆಯ ಬಾಯಿಂದ ಇಷ್ಟು ಸಿಹಿಯಾದ ಮಾತು ನಾನು ಕೇಳಿರಲಿಲ್ಲ. ಟಿ.ವಿ. ಸಣ್ಣದು ಮಾಡಿಸಿ ಕೇಳಿದೆ, ಕೇಳಿತು. ಒಂದು ಕಿವಿ ಮುಚ್ಚಿ ಕೇಳಿದೆ, ಇನ್ನೊಂದು ಮುಚ್ಚಿ ಕೇಳಿದೆ. ಎರಡೂ ಗಟ್ಟಿ. ಅಂದ ಮೇಲೆ ಹಾಡುವವನು ಕಾಣೆಯಾಗಿದ್ದು ನನ್ನ ಕಿವಿಯಲ್ಲಿ ಅಲ್ಲ, ಬಟ್ಟಲಲ್ಲಿ. ನನ್ನಲ್ಲಿ ಅಲ್ಲ ಎಂದರೆ ಅಂಜಿನಮ್ಮನಲ್ಲೂ ಅಲ್ಲ! ಖುಷಿಯಾದ ಹಿಂದೆಯೇ ನಾಚಿಕೆ ಬಂತು. ಫೋನು ಎತ್ತಿದೆ, ಇಟ್ಟೆ. ಎದುರಿಗೆ ಕೂತು ಹೇಳಿದ ಸುಳ್ಳನ್ನು ಎದುರಿಗೆ ನಿಂತೇ ವಾಪಸು ತಗೋಬೇಕು ಎಂದು, ಬೆಳಿಗ್ಗೆ ಹೋಗಿ ಹೇಳಿದರಾಯಿತೆಂದು ಮಲಗಿದೆ.

ಬೆಳಿಗ್ಗೆ ಹೋದರೆ ಅವರ ಮನೆಗೆ ಬೀಗ. ಬಸ್‌ಸ್ಟ್ಯಾಂಡಿಗೆ ಓಡಿದೆ. ಎಷ್ಟು ಜೋರಾಗಿ ಓಡಿದೆನೆಂದರೆ ದಾರಿಯಲ್ಲಿ ಎರಡು ಬೈಕುಗಳನ್ನು ಹಿಂದೆ ಹಾಕಿದೆ. ಎರಡೂ ನಿಂತಿದ್ದವು, ಆದರೂ.

ಶಿವಮೊಗ್ಗದ ಬಸ್ಸು ಬಂದು ನಿಂತಿತ್ತು. ಅಂಜಿನಮ್ಮ ಒಂದು ಕಾಲು ಮೆಟ್ಟಿಲ ಮೇಲಿಟ್ಟಿದ್ದಳು. ಹಿಂದೆ ಹನುಮಂತಪ್ಪ, ಕೈಯಲ್ಲಿ ಬ್ಯಾಗು.

"ಇಳೀರಿ! ಇಳೀರಿ!" ಎಂದು ಕೂಗಿದೆ. "ನಾನು ಸುಳ್ಳು ಹೇಳ್ದೆ ಕಣೋ!"

"ಅದೇನ್ ಹೊಸದು?" ಎಂದ ಹನುಮಂತಪ್ಪ.

"ನಂಗೂ ಕೇಳ್ಲಿಲ್ಲ! ಆ ಬಟ್ಟಲಾಗೆ ಹಾಡೋನು ಇರ್ಲೇ ಇಲ್ಲ! ನನ್ ಕಿವಿ ಹೋತು ಅಂದ್ಕೊಂಡು ನಾಚ್ಕಿಂದ ಹಂಗಂದೆ. ನನ್ ಕಿವಿ ಚಲೋ ಐತೆ, ರಾತ್ರಿ ನನ್ ಹೆಂಡ್ತಿ ಬೈದಿದ್ದೂ ಕೇಳ್ತು!"

ಅವನು ನನ್ನನ್ನು ನೋಡಿದ. ಬೈಯುತ್ತಾನೆ ಎಂದುಕೊಂಡೆ. ಬ್ಯಾಗನ್ನು ನೆಲಕ್ಕೆ ಇಟ್ಟ. ಡಾಕ್ಟರಿಗೆ ತೋರಿಸಲೆಂದು ಹೆಡ್‌ಫೋನೂ ತಂದಿದ್ದರು. ವೈರು ಬಿಚ್ಚಿ, ಮೊಬೈಲಿಗೆ ಸಿಕ್ಕಿಸಿ, ಹಾಡು ಹಚ್ಚಿ, ಹೆಂಡತಿಯ ಬಟ್ಟಲನ್ನು ತನ್ನ ಎಡಗಿವಿಗೆ ಇಟ್ಟುಕೊಂಡ. ಕಣ್ಣು ಮುಚ್ಚಿದ. ಎದುರಿಗೆ ಅಂಜಿನಮ್ಮ ಮೆಟ್ಟಿಲ ಕಂಬಿ ಹಿಡಿದು ನಿಂತಿದ್ದಳು.

"ಇಲ್ಲ," ಎಂದ. ಆಮೇಲೆ ಬಸ್‌ಸ್ಟ್ಯಾಂಡೇ ತಿರುಗಿ ನೋಡುವಂತೆ ಕಿರುಚಿದ: "ಇಲ್ಲ ಕಣೇ! ಹಾಡೋನು ಇಲ್ಲ! ನಂಗೂ ಇಲ್ಲ!"

ಪಕ್ಕದಲ್ಲಿ ಹೂವು ಕಟ್ಟುತ್ತಾ ಕೂತಿದ್ದ ಗಾದ್ರಮ್ಮ, "ಅಯ್ಯೋ, ಯಾರಪ್ಪ ಕಳೆದುಹೋಗಿದ್ದು?" ಎಂದು ಎದ್ದು ನಿಂತಳು.

"ಹಂಗಾದ್ರೆ ನಿಮ್ದೂ ಹೋತೇನ್ರೀ!" ಅಂಜಿನಮ್ಮ ಕೆಳಗಿಳಿದಳು. ಆಕೆಗೆ ಇನ್ನೂ ನಂಬಿಕೆ ಬಂದಿರಲಿಲ್ಲ.

ಹನುಮಂತಪ್ಪ ತನ್ನ ಎಡಗಡೆ ಬಟ್ಟಲನ್ನು ಆಕೆಯ ಬಲಗಿವಿಗೆ ಇಟ್ಟ. ಇಟ್ಟು, ಬಗ್ಗಿ ಆಕೆಯ ಮುಖ ನೋಡುತ್ತಾ ನಿಂತ.

ಆಕೆ ಕಣ್ಣು ಮುಚ್ಚಿದಳು.

"ಏನೇ? ಬಂತಾ?"

"ಅಮ್ಮಾ, ಹತ್ತೋದಾದ್ರೆ ಹತ್ರಿ, ಬಿಡೋ ಟೈಮಾತು" ಎಂದ ಕಂಡಕ್ಟರ್. ಅದಕ್ಕೂ ಆಕೆ ತಿರುಗಲಿಲ್ಲ. ಓಡಿ ಬಂದು ತಪ್ಪು ಆಸೆ ಹುಟ್ಟಿಸಿದೆನಾ ಎಂದುಕೊಂಡೆ. ಹನುಮಂತಪ್ಪ ಆಕೆಯ ಭುಜ ಅಲುಗಿಸಿದ.

"ಅಂಜಿನೀ! ಕೇಳ್ತೈತಾ?"

"ಸುಮ್ಕಿರ್ರಿ ಒಂದೀಟು," ಎಂದಳು ಅಂಜಿನಮ್ಮ, ಕಣ್ಣು ಬಿಡದೆ. "ಹಾಡ್ತಾ ಇದಾನೆ."

ಹನುಮಂತಪ್ಪ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತುಬಿಟ್ಟ. ಪಂಚೆಯ ತುದಿಯಿಂದ ಮುಖ ಒರೆಸಿಕೊಂಡ. ಬಸ್ಸು ಹೋಯಿತು. ಹಾಡು ಮುಗಿದ ಮೇಲೆ ಅಂಜಿನಮ್ಮ ಕಣ್ಣು ಬಿಟ್ಟು, "ಬಸ್ ಬಿಟ್ಬಿಟ್ರಾ? ನಂಗೆ ಟಿಕೆಟ್ ಹೆಂಗೂ ಫ್ರೀ ಇತ್ತು, ಶಿವಮೊಗ್ಗ ನೋಡ್ಕೊಂಡಾದ್ರೂ ಬರ್ಬೋದಿತ್ತು" ಎಂದಳು. ಆಮೇಲೆ ನನ್ನ ಕ್ಷೇಮ ವಿಚಾರಿಸಿಕೊಂಡಳು. ಏನು ಬೈದಳೆಂದು ಬರೆಯುವುದಿಲ್ಲ, ಮೊಮ್ಮಕ್ಕಳು ಓದುತ್ತಾರೆ.

ಅಲ್ಲಿಂದಲೇ ಮಾರುತಿಗೆ ಫೋನು ಹೋಯಿತು. ಮೂವರಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದ.

"ಯಾವ್ದು ಎಲ್ಲಿಗೆ ಹಾಕಿದ್ರಣ್ಣ?"

"ಹಸಿರು ಉದ್ದನೇ ಕಡ್ಡಿಗೆ. ಅರ್ತಿಂಗ್‌ಗೆ."

ಮಾರುತಿ ಅಂಗಡಿಯಲ್ಲಿ ನಗುವುದು ಮೊಬೈಲಿಲ್ಲದೆಯೂ ಕೇಳುತ್ತಿತ್ತು. "ಇದು ಮನೆ ವೈರಿಂಗ್ ಅಲ್ಲ ಹನುಮಂತಣ್ಣ! ಹಸಿರು ಎಡಗಿವಿದು, ಕೆಂಪು ಬಲಗಿವಿದು. ತಾಮ್ರದ ಬಣ್ಣದವು ಎರಡೂ ಸೇರಿ ಉದ್ದನೇ ಕಡ್ಡಿಗೆ. ಗಿಡ್ಡ ಕಡ್ಡಿ ಎರಡರಾಗೆ ಹಸಿರು ಪಿನ್ನಿನ ತುದಿದಕ್ಕೆ ಹೋಗೋದು, ಕೆಂಪು ನಡುವಿಂದಕ್ಕೆ."

"ಮತ್ತೆ ಹಾಡೋನು ಎಲ್ಲಿಗೆ ಹೋಗಿದ್ದ?"

ಮಾರುತಿ ವಿವರಿಸಿದ. ಹಾಡು ಎರಡು ದಾರಿಯಲ್ಲಿ ಬರುತ್ತದಂತೆ, ಎಡಕ್ಕೊಂದು ಬಲಕ್ಕೊಂದು. ವಾದ್ಯಗಳು ಒಂದು ದಾರಿಯಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಹಾಡುವವನ ದನಿ ಮಾತ್ರ ಎರಡರಲ್ಲೂ ಸಮಸಮ. ಇವನು ಹಾಕಿದ ರೀತಿಯಲ್ಲಿ ಎಡಗಡೆ ಬಟ್ಟಲಿಗೆ ಒಂದೇ ದಾರಿಯ ಹಾಡು ಹೋಗಿ ಹಾಡುವವನು ಉಳಿದಿದ್ದ, ಬಲಗಡೆ ಬಟ್ಟಲಲ್ಲಿ ಒಂದರಿಂದ ಇನ್ನೊಂದು ಕಳೆದುಹೋಗಿ, ಸಮ ಇದ್ದದ್ದು ಸೊನ್ನೆಯಾಗಿ, ಹೆಚ್ಚುಕಡಿಮೆ ಇದ್ದದ್ದು ಮಾತ್ರ ಉಳಿದಿತ್ತು. ಗಾಡಿಯ ಮುಂದೊಂದು ಹಿಂದೊಂದು ಸರಿಸಮ ಎತ್ತು ಕಟ್ಟಿ ಎಳೆಸಿದರೆ ಗಾಡಿ ನಿಂತಲ್ಲೇ ನಿಲ್ಲುವುದಿಲ್ಲವೇ, ಹಾಗೆ ಎಂದು ನಾನು ಗಾದ್ರಮ್ಮನಿಗೆ ತಿಳಿಸಿ ಹೇಳಿದೆ. ಆಕೆಗೆ ಅದಕ್ಕಿಂತ ಹೂವು ಬಾಡುವ ಚಿಂತೆ.

ಮನೆಗೆ ಹೋಗುವ ದಾರಿಯಲ್ಲಿ ಹನುಮಂತಪ್ಪ ಕಂಡವರನ್ನೆಲ್ಲಾ ನಿಲ್ಲಿಸಿದ. "ನಾನು ಕನೆಕ್ಷನ್ ತಪ್ಪು ಕೊಟ್ಟಿದ್ದೆ ಕಣ್ರಪ್ಪ! ಹಸಿರು ವೈರೇ ತಪ್ಪು ಹಾಕಿದ್ದೆ!" ಕಿರಾಣಿ ಅಂಗಡಿಗೆ ಹೇಳಿದ, ಹಾಲಿನವನಿಗೆ ಹೇಳಿದ. ಒಂದು ಸ್ವಿಚ್ ತಪ್ಪು ಕೂರಿಸಿದ್ದೀಯ ಎಂದವರ ಜೊತೆ ಆರು ತಿಂಗಳು ಮಾತು ಬಿಟ್ಟಿದ್ದ ಮನುಷ್ಯ. ಮಗನಿಗೆ ಮಗು ಹುಟ್ಟಿದಾಗಲೂ ಇಷ್ಟು ಜನಕ್ಕೆ ಹೇಳಿರಲಿಲ್ಲ.

ಮತ್ತೆ ಕಡ್ಡಿ ಗೀರಿ, ಮತ್ತೆ ಕೆರೆದು, ಬೆಸೆದದ್ದಾಯಿತು. ಈ ಸಲ ಮುಚ್ಚಳವನ್ನು ಅಂಜಿನಮ್ಮನೇ ಮೊದಲು ವೈರಿಗೆ ಪೋಣಿಸಿ ಹಿಡಿದುಕೊಂಡು ಕೂತಿದ್ದಳು. ಹಸಿರನ್ನು ತುದಿಯ ಕಡ್ಡಿಗೆ ಬೆಸೆಯುವಾಗ ಹನುಮಂತಪ್ಪನ ಕೈ ಒಂದು ಗಳಿಗೆ ತಡೆಯಿತು. ಆಮೇಲೆ ಬೆಸೆದ.

ಹಾಡು ಶುರುವಾಯಿತು. ಗಂಡ ಎಡ, ಹೆಂಡತಿ ಬಲ.

"ಬಂತಾ?"

"ಬಂತು."

"ಹಾಡೋನು?"

"ಬಂದಾನೆ."

ಒಂದು ನುಡಿ ಮುಗಿಯಿತು. "ಈಗ್ಲೂ ಐದಾನಾ?"

"ಇದಾನೆ ಕಣ್ರೀ."

ಅವನು ಮೊಬೈಲು ನೋಡುತ್ತಿರಲಿಲ್ಲ, ಆಕೆಯ ತುಟಿ ನೋಡುತ್ತಿದ್ದ. ಆಕೆ ಪದಗಳ ಜೊತೆ ತುಟಿ ಆಡಿಸುತ್ತಿದ್ದಳು. ಮುಂದಿನ ನುಡಿಗೆ ಅವನು ಮತ್ತೆ ಬಾಯಿ ತೆರೆದ. ಅಂಜಿನಮ್ಮ ಎಡಗೈ ಚಾಚಿ, ಅವನ ಬಟ್ಟಲನ್ನು ಅವನ ಕಿವಿಗೆ ಒತ್ತಿ ಹಿಡಿದಳು. ಪದ ಮುಗಿಯುವ ತನಕ ಕೈ ತೆಗೆಯಲಿಲ್ಲ.